ಕೂಸಿನ ದಿಂಬಿನಡಿಯ ಕಡಾಣಿ

ಮೊರದಲ್ಲಿ ನವಣೆ ಕೇರುತ್ತಾ ಕೂತಿದ್ದೆ. ಪಕ್ಕದ ಮನೆಯಾತ ಬೀದಿಯಿಂದಲೇ ಕೂಗಿದ: "ಅಕ್ಕಾ, ಮೊಳಕಾಲ್ಮೂರು ದಾರೀಲಿ ನಿಮ್ಮ ಗಾಡಿ ಮಗುಚೈತೆ. ನಿಮ್ಮತ್ತೆ ಕೈ ಮುರ್ದೈತಂತೆ. ಜೀವಕ್ಕೇನಿಲ್ಲ."

ಅತ್ತೆ ಹೋಗಿದ್ದು ನನ್ನ ಮಗಳ ಗಂಡನ ಮನೆಗೆ. ನಮ್ಮಲ್ಲಿದ್ದ ಬಾಣಂತಿ ಮಗಳನ್ನೂ ಮೂರು ತಿಂಗಳ ಕೂಸನ್ನೂ ಅಲ್ಲಿಗೆ ಕಳಿಸುವ ದಿನ ಗೊತ್ತುಮಾಡಿ ಬರುತ್ತಿದ್ದರು. ಮುಂದಿನ ಗುರುವಾರ ಅವರಿಬ್ಬರೂ ಅದೇ ಗಾಡಿ ಹತ್ತುವವರಿದ್ದರು. ಬಿದ್ದದ್ದು ಮರಳಿನ ಮೇಲೆ, ಬಂಡೆಯ ಮೇಲಲ್ಲ. ಮುರಿದದ್ದು ಎಡಗೈ. ಸ್ವಾಮಿ ಅಷ್ಟರಮಟ್ಟಿಗೆ ಕಾದ.

ಗಾಡಿಯ ಎಡಗಾಲಿ ಕಳಚಿಕೊಂಡಿತ್ತು. ಗಾಲಿ ಜಾರದಂತೆ ಅಚ್ಚಿನ ತುದಿಗೆ ಚುಚ್ಚುವ ಕಬ್ಬಿಣದ ಕಡಾಣಿ ಇದ್ದ ಜಾಗದಲ್ಲಿ ಜಾಲಿಮರದ ಗೂಟವಿತ್ತು. ಕಬ್ಬಿಣದ್ದು ಎಲ್ಲಿತ್ತೆಂದು ಯಾರೂ ಹುಡುಕಬೇಕಾಗಿರಲಿಲ್ಲ. ಕೆಟ್ಟ ಗಾಳಿ ಸೋಂಕದಿರಲೆಂದು ಅದು ಕೂಸಿನ ದಿಂಬಿನಡಿ ಇತ್ತು. ಕುಡುಗೋಲು ಇಟ್ಟರೆ ಕೂಸಿಗೆ ತಗುಲೀತೆಂದು ಬೇರೆ ಕಬ್ಬಿಣ ಕೇಳಿದವಳು ನಾನೇ. "ಒಂದಿನಕ್ಕೆ ಸಾಕು" ಎಂದು ಗೂಟ ಹೊಡೆದವರು ನಮ್ಮ ಮನೆಯವರು. ಆ ಒಂದಿನ ಮೂರು ತಿಂಗಳಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಚ್ಚು ಸೀಳಿದ್ದರಿಂದ ಬೇರೆ ಗಾಡಿಯೇ ಬೇಕಾಯಿತು. ಚಳ್ಳಕೆರೆ ಸಂತೆಗೆ ನಾನೂ ಹೊರಟೆ.

"ಹೆಂಗಸ್ರು ಗಾಡಿ ನೋಡಾಕೆ ಬರ್ತಾರೇನೇ?" ಎಂದರು ನಮ್ಮವರು.

"ಹತ್ತಿ ಕೂರೋಕೆ ಹೆಂಗಸ್ರು ಬೇಕು, ನೋಡೋಕೆ ಬ್ಯಾಡವೇನ್ರಿ?"

ಅಲ್ಲೊಂದು ಕಮಾನು ಗಾಡಿ. ಬಣ್ಣ, ಗೆಜ್ಜೆ, ಒಳಗೆ ಕನ್ನಡಿ. ನಮ್ಮವರು ಎತ್ತುಗಳ ಸುಳಿ ನೋಡಿದರು, ಕೊಂಬು ಸವರಿದರು, ಗೆಜ್ಜೆ ಅಲ್ಲಾಡಿಸಿ ನಕ್ಕರು. ತಾಯಿಯ ಕೈಗೆ ಕಟ್ಟಿದ ದಬ್ಬೆ ಇನ್ನೂ ಬಿಚ್ಚಿರಲಿಲ್ಲ! ಮಾರುವವನು ಎಲೆಯಡಿಕೆ ಉಗಿದು, ಬಾಯೊರೆಸಿದ ಕೈಯಲ್ಲೇ ಗಾಲಿ ತಟ್ಟಿ, "ಮದುವಣಗಿತ್ತಿ ಹಂಗೈತೆ ತಾಯಿ" ಎಂದ. ನಾನು ಗಾಲಿಯ ಹತ್ತಿರ ಕೂತು ಕಡಾಣಿಯ ಮೇಲಿನ ಕೀಲೆಣ್ಣೆಯ ಕಪ್ಪನ್ನು ಉಗುರಿನಿಂದ ಕೆರೆದೆ. ಒಳಗೆ ಮರ.

"ಕಬ್ಬಿಣದ್ದೆಲ್ಲಪ್ಪ?"

"ಮನೇಲೈತೆ ತಾಯಿ. ಸೊಸೆ ಬಾಣಂತಿ."

ನಮ್ಮವರ ನಗು ನಿಂತಿತು. ಅವನನ್ನು ಬಯ್ಯಲು ಬಾಯಿ ತೆರೆದೆ. ಯಾವ ಬಾಯಲ್ಲಿ ಬಯ್ಯಲಿ? ಎದ್ದು ಮುಂದಿನ ಗಾಡಿಯತ್ತ ನಡೆದೆ.

ಕೊನೆಗೆ ಒಪ್ಪಿದ್ದು ಕಂಬಳಿ ಸಾಗಿಸುತ್ತಿದ್ದ ಹಳೇ ಗಾಡಿಯನ್ನು. ಉಣ್ಣೆ, ಕುರಿಗಂಜಲದ ನಾತ ಮೂಗು ಹಿಡಿಯುವಂತಿತ್ತು. ಆದರೆ ತಗ್ಗು ಗಾಡಿ, ಗಟ್ಟಿ ಅಚ್ಚು, ಎರಡೂ ಕಡೆ ಕಬ್ಬಿಣ. ಜೊತೆಗೆ ಬಂದ ಮುದಿ ಎತ್ತುಗಳಿಗೆ ಓಡುವ ಆಸೆಯೇ ಸತ್ತಿತ್ತು; ಅದೂ ಒಂದು ಪುಣ್ಯ.

"ನಾಕು ಜನ ನಗ್ತಾರೆ ಕಣೇ," ಎಂದರು ನಮ್ಮವರು.

"ನಗ್ಲಿ ಬಿಡ್ರಿ. ನಾತ ತೊಳದ್ರೆ ಹೋಗ್ತೈತೆ."

ಎರಡು ದಿನ ಸೀಗೆನೀರು ಹಾಕಿ ತಿಕ್ಕಿಸಿದೆ. ನಾತ ಪೂರಾ ಹೋಗಲಿಲ್ಲ. ಬುಧವಾರ ಸಂಜೆ ದಿಂಬಿನಡಿಯಿಂದ ಕಡಾಣಿ ತೆಗೆದು, ದಾರಿಗೆ ಒಂದು ಹೆಚ್ಚಿಗೆ ಇರಲೆಂದು ನಮ್ಮವರ ಕೈಗೆ ಕೊಟ್ಟೆ.

"ಮತ್ತೆ ಕೂಸಿಗೆ?"

"ರೊಟ್ಟಿ ಮಗುಚೋ ಕಬ್ಬಿಣದ ಸಟ್ಟುಗ ಇಟ್ಟೀನಿ. ಅದ್ಯಾವ ಗಾಲೀಗೂ ಬ್ಯಾಡ."

ಒಳಗೆ ಹೋಗಿ ಒಲೆ ಊದಿ ಹೆಂಚಿಟ್ಟೆ. ಸಟ್ಟುಗವಿಲ್ಲದೆ, ಬುತ್ತಿಯ ರೊಟ್ಟಿಗಳನ್ನು ಬೆರಳು ಸುಟ್ಟುಕೊಂಡೇ ತಿರುವಿಹಾಕಿದೆ.