ಹಾಲಿನ ಕ್ಯಾನಿನಲ್ಲಿ ಊರು ದಾಟಿದ ಮರಿಗಳು

ಮೀನು ಅಂದರೆ ಹೊಳೆಯಲ್ಲಿರಬೇಕು, ಇಲ್ಲವೇ ಸಾರಿನಲ್ಲಿರಬೇಕು ಅನ್ನುವುದು ಉಗಾರ ಬುದ್ರುಕದ ಹೊಳೆವ್ವನ ಖಚಿತ ಅಭಿಪ್ರಾಯವಾಗಿತ್ತು. ಅದಕ್ಕೇ ಸೊಸೆ ಸೋನಾಲಿ ಮಿರಜದಿಂದ ಎರಡು ಬೆರಳುದ್ದದ ನೀಲಿ ಮೀನೊಂದನ್ನು ತಂದು ಕಿಡಕಿಯ ಕಟ್ಟೆಯ ಮೇಲಿನ ಬರಣಿಯಲ್ಲಿ ಬಿಟ್ಟಾಗ ಮುದುಕಿ ಹತ್ತಿರ ಬಂದು ಬಗ್ಗಿ ನೋಡಿದಳು.

"ಇದನ ತಿನ್ನಾಕ ಬರತೈತೇನು?"

"ಇಲ್ರಿ ಅತ್ತಿ."

"ಮತ್ಯಾಕ ತಂದಿ?"

"ನೋಡಾಕ್ರಿ."

"ನನ್ನ ಕಣ್ಣ ಆಪರೇಶನ್ ಮಾಡಿಸಿದ್ದು ಇದನ ನೋಡಾಕೇನು!" ಅಂದು ಹೊಳೆವ್ವ ಎಮ್ಮೆಗಳ ಕಡೆ ಹೋದಳು.

ಆ ಆಪರೇಶನ್ನೇ ಇದಕ್ಕೆಲ್ಲ ಮೂಲ. ಮಿರಜದ ಆಸ್ಪತ್ರೆಯಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸುವಾಗ ಸೋನಾಲಿ ನಾಲ್ಕು ದಿನ ಅಲ್ಲಿದ್ದಳು. ಎದುರಿಗೊಂದು ಸಾಕುವ ಮೀನಿನ ಅಂಗಡಿ. ಅದನ್ನು ನಡೆಸುವ ಕುನಾಲ ಮೂಲತಃ ಶೇಡಬಾಳದವನು. ಬಿಡುವು ಸಿಕ್ಕಾಗಲೆಲ್ಲ ಅವಳು ಹೋಗಿ ನಿಲ್ಲುತ್ತಿದ್ದುದು ಒಂದೇ ಕಪಾಟಿನ ಮುಂದೆ. ಅಲ್ಲಿ ಸಣ್ಣ ಸಣ್ಣ ಬಾಟಲಿಗಳಲ್ಲಿ ಒಂದೊಂದೇ ಫೈಟರ್ ಮೀನು, ಸೀರೆಯ ಸೆರಗು ಬಿಚ್ಚಿದಂತೆ ರೆಕ್ಕೆ ಬಿಚ್ಚಿಕೊಂಡು ನಿಂತಿರುತ್ತಿತ್ತು. ನಾಲ್ಕನೆಯ ದಿನ ಅವಳು ಕೇಳಿದ್ದು ಬೆಲೆಯನ್ನಲ್ಲ, "ಇವು ಮರಿ ಹೆಂಗ ಹಾಕತಾವ್ರಿ?" ಅಂತ. ಕುನಾಲ ನಕ್ಕ. "ವೈನಿ, ಹಾಕೂದು ಸಲೀಸ. ಮರಿ ಉಳಸೂದ ಕಷ್ಟ. ಹತ್ತ ಮಂದಿಯೊಳಗ ಒಬ್ಬರಿಗೂ ಆಗೂದಿಲ್ಲ."

ಈ ಮಾತು ಕೇಳಿಯೇ ಸೋನಾಲಿಗೆ ಹುರುಪು ಬಂತು. ಅವಳು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ, ಬೀಡಿ ಕಟ್ಟುವ ಮನೆಯಲ್ಲಿ. ಮದುವೆಯಾಗಿ ಬರುವ ತನಕ ತಾಯಿಯ ಮಗ್ಗುಲಲ್ಲಿ ಕೂತು ಎಲೆ ಕತ್ತರಿಸಿ, ಚಿಟಿಕೆ ತಂಬಾಕು ಇಟ್ಟು, ಸುರುಳಿ ಸುತ್ತಿ ದಾರ ಬಿಗಿದವಳು. ದಾರ ಒಂದು ಎಳೆ ಹೆಚ್ಚು ಜಗ್ಗಿದರೆ ಎಲೆ ಹರಿಯುತ್ತದೆ, ಕಡಿಮೆಯಾದರೆ ಬೀಡಿ ಬಿಚ್ಚುತ್ತದೆ. ಆ ಕೆಲಸವನ್ನು ಅವಳು ಒಂದು ದಿನವೂ ಪ್ರೀತಿಸಲಿಲ್ಲ, ಆದರೆ ಅದು ಕೊಟ್ಟ ಬೆರಳುಗಳ ಮೇಲೆ ಅವಳಿಗೆ ಪೂರ್ತಿ ಭರವಸೆಯಿತ್ತು. ಸಣ್ಣ ಕೆಲಸ, ನಾಜೂಕಿನ ಕೆಲಸ ತನ್ನಿಂದ ಆಗುವುದಿಲ್ಲ ಅಂತ ಯಾರಾದರೂ ಅಂದರೆ ಅವಳು ನಂಬುತ್ತಿರಲಿಲ್ಲ.

ಮೊದಲ ಸಲ ಮಾತ್ರ ಸೋತಳು. ಡಿಸೆಂಬರಿನಲ್ಲಿ ಮಿರಜದಿಂದ ಒಂದು ಹೆಣ್ಣು ಮೀನನ್ನೂ ತರಿಸಿ ತೊಟ್ಟಿಯಲ್ಲಿ ಜೋಡಿ ಕೂಡಿಸಿದಳು, ಇನ್ನೂರರಷ್ಟು ಮರಿ ಒಡೆದವು. ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಬಂದವರಿಗೆಲ್ಲ ಅವಳು ತೊಟ್ಟಿಯ ಮುಚ್ಚಳ ತೆಗೆದು ತೋರಿಸಿದಳು. ಮೂರನೆಯ ವಾರ ಮರಿಗಳು ಹತ್ತತ್ತು ಸಾಯತೊಡಗಿ, ವಾರ ಮುಗಿಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಫೋನು ಮಾಡಿದರೆ ಕುನಾಲ ಕೇಳಿದ್ದು ಒಂದೇ ಪ್ರಶ್ನೆ.

"ಮುಚ್ಚಳಾ ತಗದಿದ್ರೇನು?"

ಫೈಟರ್ ಮರಿ ಮೂರನೆಯ ವಾರದ ಸುಮಾರಿಗೆ ನೀರಿನ ಮೇಲೆ ಬಂದು ಗಾಳಿ ನುಂಗುವುದನ್ನು ಕಲಿಯುತ್ತದೆ. ಆಗ ಮೇಲಿನ ಗಾಳಿ ನೀರಿನಷ್ಟೇ ಬೆಚ್ಚಗೆ, ಹಸಿಯಾಗಿ ಇರಬೇಕು. ಚಳಿಗಾಳಿ ತಗುಲಿದರೆ ಮುಗಿಯಿತು. ಸೋನಾಲಿ ಅತ್ತಳು, ಒಂದು ದಿನ. ಮರುದಿನ ತೊಟ್ಟಿ ತೊಳೆದು ಬಿಸಿಲಿಗಿಟ್ಟಳು. "ಅವು ಸತ್ತಿದ್ದು ನನ್ನ ಡೌಲಿಗೆ" ಅಂತ ಗಂಡ ಬಾಳೇಶನ ಮುಂದೆ ನೇರವಾಗಿ ಒಪ್ಪಿಕೊಂಡಳು. "ಮುಂದಿನ ಸಲ ಉಳಸತೀನಿ ನೋಡ್ರಿ."

ಮುಂದಿನ ಸಲ ಅಂದರೆ ಜುಲೈ. ಗೇಣಿಗಿಂತ ಕಡಿಮೆ ನೀರು, ಅದರಲ್ಲಿ ಕನ್ನಡ ಸಾಲಿಯ ಅಂಗಳದಿಂದ ಆರಿಸಿ ತಂದ ಬದಾಮಿ ಮರದ ಒಣಗಿದ ಎಲೆ. ಗಂಡು ಮೀನು ಎಲೆಯ ಕೆಳಗೆ ನೊರೆಯ ಗೂಡು ಕಟ್ಟಿತು. ಮಂಗಳವಾರ ಹೆಣ್ಣು ಮೊಟ್ಟೆಯಿಟ್ಟಿತು. ರವೆಯ ಕಾಳಿನಂಥ ಮೊಟ್ಟೆಗಳು ತಳಕ್ಕೆ ಇಳಿಯುತ್ತಿದ್ದಂತೆ ಗಂಡು ಬಾಯಲ್ಲಿ ಹಿಡಿದು ಒಂದೊಂದನ್ನೂ ಗೂಡಿಗೆ ಅಂಟಿಸಿತು. ಸೋನಾಲಿ ಹೆಣ್ಣನ್ನು ಬೇರೆ ಬರಣಿಗೆ ಹಾಕಿದಳು. ಗುರುವಾರ ಬೆಳಿಗ್ಗೆ ನೋಡಿದರೆ ಗೂಡಿನ ತುಂಬ ರೆಪ್ಪೆಗೂದಲಿನ ತುಂಡಿನಂಥ ಮರಿಗಳು, ಬಾಲ ಕೆಳಗೆ ಮಾಡಿಕೊಂಡು ಜೋತು ಬಿದ್ದಿದ್ದವು. ಯಾವುದಾದರೂ ಜಾರಿದರೆ ಅಪ್ಪ ಹೋಗಿ ಬಾಯಲ್ಲಿ ಹಿಡಿದು ತಂದು ಮತ್ತೆ ಗೂಡಿಗೆ ಉಗುಳುತ್ತಿತ್ತು.

ಅದೇ ಬೆಳಿಗ್ಗೆ ಪಂಚಾಯ್ತಿಯ ಆಟೊ ಸಾರುತ್ತ ಬಂತು. ಮಹಾರಾಷ್ಟ್ರದ ಕಡೆ ಮಳೆ ಹೆಚ್ಚಾಗಿದೆ, ಮೇಲಿನಿಂದ ನೀರು ಬಿಟ್ಟಿದ್ದಾರೆ, ಕೆಳಗಿನ ಓಣಿಯವರು ಶನಿವಾರದೊಳಗೆ ಮನೆ ಖಾಲಿ ಮಾಡಬೇಕು.

ಬಾಳೇಶ ಆಗಲೇ ಹಗ್ಗ ಹುಡುಕುತ್ತಿದ್ದ. "ಕೊಕಟನೂರಕ್ಕ ಅನುಸೂಯಕ್ಕನ ಮನಿಗೆ ಹೋಗೂನು. ಇವತ್ತ ಎಮ್ಮಿ, ನಾಳೆ ಕಾಳು-ಕಡಿ. ನೀವಿಬ್ಬರೂ ಇವತ್ತ ಬರ್ರಿ."

"ನನಗ ಇವತ್ತ ಬರಾಕ ಆಗೂದಿಲ್ರಿ," ಅಂದಳು ಸೋನಾಲಿ. "ಮರಿ ಇನ್ನ ಗೂಡಿಗೆ ಜೋತ ಬಿದ್ದಾವ. ಈಗ ಅಲಗ್ಯಾಡಿಸಿದ್ರ ಗೂಡ ಒಡೀತೈತಿ, ಎಲ್ಲಾ ತಳಕ್ಕ ಬಿದ್ದ ಸಾಯ್ತಾವ. ಎರಡ ದಿನಾ ತಡದ್ರ ತಾವ ಈಸಾಡ್ತಾವ. ಆಮ್ಯಾಲ ಎಲ್ಲಿಗಿ ಬೇಕಾದ್ರೂ ಒಯ್ಯಬಹುದು."

"ಲೇ, ಹೊಳಿ ನಿನ್ನ ಮೀನಾ ಕೇಳಿ ಬರತೈತೇನ?"

ಸೋನಾಲಿ ಗಂಡನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಅತ್ತೆಯ ಹತ್ತಿರ ಹೋದಳು. ಅರವತ್ತು ಮಳೆಗಾಲ ಕೃಷ್ಣೆಯನ್ನು ನೋಡಿದವಳು ಹೊಳೆವ್ವ. "ಅತ್ತಿ, ಖರೇ ಹೇಳ್ರಿ. ನಮ್ಮ ಓಣಿಗೆ ನೀರ ಯಾವಾಗ ಬರತೈತ್ರಿ? ನೀವು ಇವತ್ತ ಅಂದ್ರ ನಾ ಇವತ್ತ ಎದ್ದ ಬರತೀನಿ."

ಹೊಳೆವ್ವ ಚಪ್ಪಲಿ ಮೆಟ್ಟಿಕೊಂಡು ಊರ ಹೊರಗಿನ ಹಳ್ಳದ ತನಕ ಹೋಗಿ, ಅರ್ಧ ತಾಸು ನಿಂತು ಬಂದಳು.

"ಹಳ್ಳಾ ಇನ್ನ ಹೊಳೀಕಡೆನ ಹರಿಯಾಕತ್ತೈತಿ," ಅಂದಳು ಮಗನಿಗೆ. "ಅದು ನಿಂತು, ತಿರಿಗಿ ಊರಕಡೆ ಹರಿಯಾಕ ಹತ್ತೀಂದ ಅರ್ಧ ದಿನಕ್ಕ ನೀರ ನಮ್ಮ ಬಾಗಲಕ್ಕ ಬರತೈತಿ. ಅದಕ್ಕೂ ಮದ್ಲ ಬರೂದಿಲ್ಲ. ನೀ ಎಮ್ಮಿ ಹೊಡಕೊಂಡ ನಡಿ. ನಾ ಇಕಿ ಕೂಡ ಇರತೀನಿ."

ಬಾಳೇಶ ತಾಯಿಯ ಮಾತಿಗೆ ಎದುರಾಡಿದವನಲ್ಲ. ಎಮ್ಮೆಗಳನ್ನು ಟೆಂಪೊದಲ್ಲಿ ಹತ್ತಿಸಿಕೊಂಡು ಹೋದ.

ಎರಡು ದಿನ ಅತ್ತೆ ದಿನಕ್ಕೆ ಮೂರು ಸಲ ಹಳ್ಳ ನೋಡಿ ಬಂದಳು, ಸೊಸೆ ತೊಟ್ಟಿ ನೋಡುತ್ತ ಕೂತಳು. ಶನಿವಾರ ನಸುಕಿನಲ್ಲಿ ಹೊಳೆವ್ವ ಸೀರೆಯ ನಿರಿಗೆ ಎತ್ತಿ ಕಟ್ಟಿಕೊಂಡು ಬಂದವಳೇ, "ಹಳ್ಳಾ ತಿರಗೇತಿ ನೋಡ ಬೇ," ಅಂದಳು. ತೊಟ್ಟಿಯಲ್ಲಿ ಆಗಷ್ಟೇ ನಾಲ್ಕಾರು ಮರಿಗಳು ಅಡ್ಡಡ್ಡ ಈಸತೊಡಗಿದ್ದವು. ಅಪ್ಪ ಅವನ್ನು ಹಿಡಿದು ಗೂಡಿಗೆ ಉಗುಳುತ್ತಿತ್ತು, ಅವು ಮತ್ತೆ ಹೊರಟು ಹೋಗುತ್ತಿದ್ದವು. ಎಂಟು ಗಂಟೆಗೆ ಈಸುವವು ನೂರಾದವು. ಒಂಬತ್ತಕ್ಕೆ ಗೂಡಿನಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಸೋನಾಲಿ ಗಂಡು ಮೀನನ್ನು ಬರಣಿಗೆ ದಾಟಿಸಿದಳು. ಬಾಳೇಶ ಡೇರಿಗೆ ಹಾಲು ಹಾಕುವ ಇಪ್ಪತ್ತು ಲೀಟರಿನ ಕ್ಯಾನನ್ನು ಅವಳು ಹಿಂದಿನ ದಿನವೇ ಬಿಸಿನೀರಿನಿಂದ ನಾಲ್ಕು ಸಲ ತೊಳೆದು ಇಟ್ಟಿದ್ದಳು. ಜಾಳಿಗೆ ಬಲೆ ಹಚ್ಚಲಿಲ್ಲ, ಸೌಟಿನಿಂದ ನೀರಿನ ಸಮೇತ ಮೊಗೆದು ಮೊಗೆದು ಕ್ಯಾನಿಗೆ ಇಳಿಸಿದಳು. ಅರ್ಧ ಕ್ಯಾನು ನೀರು, ಅರ್ಧ ಬೆಚ್ಚನೆಯ ಗಾಳಿ. ಮುಚ್ಚಳ ಬಿದ್ದಾಗ ಹತ್ತು ದಾಟಿತ್ತು. ಓಣಿಯ ತುದಿಯಲ್ಲಿ ಕೆಂಪು ನೀರು ಸದ್ದಿಲ್ಲದೆ ಹಾವಿನಂತೆ ಬರುತ್ತಿತ್ತು.

ಓಣಿಯ ಸತ್ಯಪ್ಪನ ಟ್ರ್ಯಾಕ್ಟರು ಬಾಗಿಲಲ್ಲಿ ನಿಂತಿತ್ತು. ಸೋನಾಲಿ ದೊಡ್ಡ ಮೀನಿನ ಬರಣಿಗಳನ್ನು ಅತ್ತೆಯ ಮಗ್ಗುಲಿಗಿಟ್ಟು, ಕೌದಿ ಸುತ್ತಿದ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಟ್ರೇಲರಿನಲ್ಲಿ ಕೂತಳು.

"ಬಂಗಾರೇನ್ರಿ ಅದರಾಗ?" ಅಂತ ಸತ್ಯಪ್ಪ ಚಾಷ್ಟಿ ಮಾಡಿದ.

"ಮುನ್ನೂರ ಜೀವಾ ಅದಾವ," ಅಂದಳು ಹೊಳೆವ್ವ. "ತೆಗ್ಗ ನೋಡಿ ಹೊಡಿ."

ಸತ್ಯಪ್ಪ ತೆಗ್ಗು ನೋಡಿಯೇ ಹೊಡೆದ.

ಕೊಕಟನೂರಿನಲ್ಲಿ ಬಾಳೇಶನ ಅಕ್ಕ ಅನುಸೂಯಾ ಅವರಿಗೆ ಒಳಗಿನ ಕೋಣೆ ಬಿಟ್ಟುಕೊಟ್ಟಳು. ಸೋನಾಲಿ ಕೋಣೆಯಲ್ಲಿ ಒಂದು ಗಳಿಗೆ ನಿಂತು, ಫರಸಿಯ ಮೇಲೆ ಅಂಗಾಲು ಇಟ್ಟು ನೋಡಿದಳು. ತಣ್ಣಗಿತ್ತು. ಹೊರಗೆ ಬಂದು ದನದ ಕೊಟ್ಟಿಗೆಗೆ ಹೋದಳು. ಐದು ಎಮ್ಮೆಗಳ ಉಸಿರಿಗೆ ಆ ಕೊಟ್ಟಿಗೆ ಬಾಣಂತಿ ಕೋಣೆಯ ಹಾಗೆ ಬೆಚ್ಚಗೆ, ಹಸಿಹಸಿಯಾಗಿತ್ತು. "ಇಲ್ಲೇ ಇಡತೀನ್ರಿ ಅಕ್ಕಾ," ಅಂದಳು. ಮೂಲೆಯಲ್ಲಿ ಎತ್ತರಕ್ಕೆ ಹಲಗೆ ಹಾಕಿ, ಅಗಲವಾದ ಟಬ್ಬಿನಲ್ಲಿ ಮರಿ ಬಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದಳು.

ಇನ್ನು ಅವುಗಳ ಊಟ. ಆ ಬಾಯಿಗೆ ಹಿಡಿಸುವುದು ಕಣ್ಣಿಗೆ ಕಂಡೂ ಕಾಣದಂಥ ನೀರಿನ ಜೀವಿ ಮಾತ್ರ. ಮನೆಯಲ್ಲಿ ಅದಕ್ಕಾಗಿ ಹುಲ್ಲು ನೆನೆಹಾಕಿ ಇಟ್ಟಿದ್ದ ಬಾಟಲಿ ಗಡಿಬಿಡಿಯಲ್ಲಿ ಅಲ್ಲೇ ಉಳಿದಿತ್ತು. ದಾರಿ ತೋರಿಸಿದವಳು ಹೊಳೆವ್ವ. ಎಮ್ಮೆ ನೀರು ಕುಡಿಯುವ ಕಲ್ಲಿನ ಡೋಣಿಯ ಹಸಿರು ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದು, "ಇದರಾಗ ಏನೋ ಮಿಜಿಮಿಜಿ ಅನ್ನಾಕತ್ತೈತಿ ನೋಡು," ಅಂದಳು. ಆಪರೇಶನ್ ಆದ ಕಣ್ಣು ಅದು. ಸೋನಾಲಿ ಆ ನೀರನ್ನು ಹಳೆಯ ಧೋತರದಲ್ಲಿ ಎರಡು ಸಲ ಸೋಸಿ, ಸೊಳ್ಳೆಯ ಹುಳ ಗಿಳ ತೆಗೆದು, ದಿನಕ್ಕೆ ಮೂರು ಹೊತ್ತು ಚಮಚದಿಂದ ಹಾಕಿದಳು.

ನಾಲ್ಕನೆಯ ದಿನ ಪೆಟ್ಟು ಬಿತ್ತು. ಸೋನಾಲಿ ಬಾಳೇಶನ ಜೊತೆ ಮನೆಯ ಸ್ಥಿತಿ ನೋಡಲು ಉಗಾರದ ಕಡೆ ಹೋಗಿದ್ದಳು. ಅನುಸೂಯಾ, ಪಾಪ, ಮರಿ ಹಸಿದಾವು ಅಂತ ಕರುಣೆಯಿಂದ ಜ್ವಾಳದ ಹಿಟ್ಟು ಕದಡಿ ಹಾಕಿಬಿಟ್ಟಳು. ಸಂಜೆ ಬರುವಷ್ಟರಲ್ಲಿ ನೀರು ಬೆಳ್ಳಗಾಗಿ ವಾಸನೆ ಹಿಡಿದಿತ್ತು. ತಳದಲ್ಲಿ ನೂರರ ಹತ್ತಿರ ಮರಿ ಸತ್ತು ಬಿದ್ದಿದ್ದವು. ಅನುಸೂಯಾ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

ಸೋನಾಲಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಮೊದಲು ಕೈ ಆಡಬೇಕಿತ್ತು. ಔಷಧದ ಅಂಗಡಿಯಿಂದ ಸಲಾಯಿನ್ ಹಚ್ಚುವ ಹೊಸ ನಳಿಗೆ ತರಿಸಿ, ಅದರ ತುದಿಯಿಂದ ತಳದ ಹೊಲಸನ್ನು ಎಳೆದು ತೆಗೆದಳು. ಆಮೇಲೆ ಅದೇ ನಳಿಗೆಯನ್ನು ಮೇಲೆ ತೂಗುಹಾಕಿ, ಎರಡು ದಿನದಿಂದ ತುಂಬಿಟ್ಟ ನೀರನ್ನು ಕೊಟ್ಟಿಗೆಯ ಬಿಸಿಗೇ ಬೆಚ್ಚಗಾಗಿಸಿ, ಹನಿ ಹನಿಯಾಗಿ ಬಿಟ್ಟಳು. ಪೇಷಂಟಿಗೆ ಹಚ್ಚಿದ ಹಾಗೆ. ಮೂರು ತಾಸಿಗೆ ನೀರು ತಿಳಿಯಾಯಿತು. ಉಳಿದವು ಈಸುತ್ತಿದ್ದವು. ಆಗ ಅನುಸೂಯಾಳ ಹತ್ತಿರ ಹೋಗಿ ಕೂತಳು.

"ಅಕ್ಕಾ, ನಾ ಒಂದ ಸಲ ಇನ್ನೂರ ಕೊಂದೀನ್ರಿ, ಮಂದಿಗೆ ತೋರಸಾಕ ಹೋಗಿ. ನಿಮ್ಮವು ನೂರ ಅಷ್ಟ. ನಾಳಿಂದ ನನ್ನ ಕೂಡ ನೀವೂ ಊಟಾ ಹಾಕ್ರಿ, ಹೆಂಗಂತ ತೋರಸ್ತೀನಿ."

ಅನುಸೂಯಾ ಅಳುತ್ತಲೇ ನಕ್ಕಳು.

ಎಂಟು ದಿನಕ್ಕೆ ಕುನಾಲ ಅಥಣಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಪುಡಿಕೆ ಕಳಿಸಿದ. ಆರ್ಟೀಮಿಯಾ ಅನ್ನುವ ಸೀಗಡಿಯಂಥ ಸಣ್ಣ ಹುಳದ ಮೊಟ್ಟೆ, ನೋಡಲು ಕಂದು ಪುಡಿ. ಉಪ್ಪುನೀರಿನಲ್ಲಿ ಒಂದು ದಿನ ಇಟ್ಟರೆ ಜೀವ ಬರುತ್ತದೆ. ಅದನ್ನು ತಿಂದ ಮರಿಗಳ ಹೊಟ್ಟೆ ಕೇಸರಿ ಬಣ್ಣದ ಚುಕ್ಕೆಯಂತೆ ತುಂಬಿ ಕಾಣತೊಡಗಿತು. ಮೂರನೆಯ ವಾರ ಬಂತು, ಗಾಳಿ ನುಂಗುವ ವಾರ. ಸೋನಾಲಿ ಹಾಳೆಯ ಅಂಚನ್ನು ಎರಡು ಬೆರಳಿನಷ್ಟು ಮಾತ್ರ ಸರಿಸಿ ಊಟ ಹಾಕುತ್ತಿದ್ದಳು. ನೋಡಲು ಬಂದ ಊರ ಹೆಂಗಸರನ್ನು ಹೊಳೆವ್ವ ಕೊಟ್ಟಿಗೆಯ ಬಾಗಿಲಲ್ಲೇ ತಡೆದು, "ಕೂಸಿಗೆ ದೃಷ್ಟಿ ಆಗತೈತಿ, ಮುಂದಿನ ತಿಂಗಳ ಬರ್ರಿ" ಅಂತ ಕಳಿಸುತ್ತಿದ್ದಳು. ಆ ವಾರ ಒಂದು ಮರಿಯೂ ಸಾಯಲಿಲ್ಲ. ಒಂದೊಂದೇ ಮೇಲೆ ಬಂದು, ಬಾಯಿ ಹೊರಗೆ ಚಾಚಿ, ಗಾಳಿ ನುಂಗಿ ಕೆಳಗೆ ಇಳಿಯುವುದನ್ನು ಸೋನಾಲಿ ಪ್ಲಾಸ್ಟಿಕ್ ಹಾಳೆಯ ಮೂಲಕ ನೋಡಿದಳು.

ಉಗಾರಕ್ಕೆ ಮರಳಿದಾಗ ಮನೆಯಲ್ಲಿ ಮೊಣಕಾಲು ಮಟ್ಟ ರಾಡಿ. ಒಂದು ವಾರ ಬಳಿದು ತೊಳೆದರು. ಮಾಳಿಗೆಯ ಮೇಲಿನ ಕಟ್ಟಿಗೆ ತುಂಬುವ ಕೋಣೆಯನ್ನು ಬಾಳೇಶ ತಾನೇ ಖಾಲಿ ಮಾಡಿ, ಗೋಡೆಗೆ ಹಲಗೆ ಹೊಡೆದುಕೊಟ್ಟ. ಮೂರು ತಿಂಗಳಿಗೆ ಗಂಡುಗಳು ಒಂದನ್ನೊಂದು ಕಚ್ಚತೊಡಗಿದಾಗ ಬೇರೆ ಬೇರೆ ಬಾಟಲಿಗೆ ಹಾಕುವ ಕೆಲಸಕ್ಕೂ ಅವನೇ ಕೂತ. ಅವತ್ತು ಎಣಿಸಿದರೆ ಹೆಣ್ಣು ಗಂಡು ಸೇರಿ ನೂರಾ ಅರವತ್ತೆಂಟು.

ಕುನಾಲ ಮಿರಜದಿಂದ ತಾನೇ ಮೋಟಾರ್ ಸೈಕಲ್ ಹತ್ತಿ ಬಂದ. ಹಲಗೆಯ ಸಾಲುಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ತಾಮ್ರದ ಬಣ್ಣ, ನೇರಳೆ, ಹಾಲಿನಂಥ ಬಿಳುಪು.

"ವೈನಿ, ಹತ್ತರಾಗ ಒಬ್ಬರಿಗೂ ಆಗೂದಿಲ್ಲ ಅಂದಿದ್ದೆ."

"ಅಂದಿದ್ರಿ," ಅಂದಳು ಸೋನಾಲಿ. "ಚಹಾ ಕುಡೀತೀರೊ, ಮಜ್ಜಿಗಿನೊ?"

ಈಗ ಅವಳ ಮೀನುಗಳು ಕುನಾಲನ ಅಂಗಡಿಗೂ ಚಿಕ್ಕೋಡಿಗೂ ಹೋಗುತ್ತವೆ. ಶೇಡಬಾಳ, ರಾಯಬಾಗದ ಕಡೆಯಿಂದ ಕಲಿಯಲು ಹೆಂಗಸರು ಬರುತ್ತಾರೆ. ಬಂದವರನ್ನು ಅವಳು ಮೊದಲ ದಿನ ಏನೂ ಮುಟ್ಟಗೊಡುವುದಿಲ್ಲ, ತೊಟ್ಟಿಯ ಮುಂದೆ ಎರಡು ತಾಸು ಸುಮ್ಮನೆ ಕೂರಿಸುತ್ತಾಳೆ. ಕೂರಲಾರದೆ ಎದ್ದವರಿಗೆ ಚಹಾ ಕೊಟ್ಟು ಕಳಿಸುತ್ತಾಳೆ. ಕೂತವರಿಗೆ ಎರಡನೆಯ ದಿನ ಸೌಟು ಕೊಡುತ್ತಾಳೆ.