ಓನರ್ ಅಮ್ಮ ಕೊಟ್ಟ ಅಡ್ರೆಸ್

ನೀವು ದುಡಿದ ಸಂಬಳ ಯಾವತ್ತಾದರೂ ಬೇರೆಯವರ ಖಾತೆಗೆ ಹೋಗಿದೆಯಾ? ನನ್ನದು ಹೋಗುತ್ತಿತ್ತು.

ಬಾಗಲಗುಂಟೆಯ ನಮ್ಮ ಓನರ್ ಅಮ್ಮ ನೀರಿನ ಮೋಟಾರ್ ರೂಮಿನ ಕೀಲಿಯನ್ನು ತಾಳಿಸರಕ್ಕೇ ಪಿನ್ ಹಾಕಿ ಸಿಕ್ಕಿಸಿಕೊಂಡಿದ್ದರು. ನಲ್ಲಿ ಸರಿಯಾಗಿ ತಿರುಗಿಸದ ಬಾಡಿಗೆಯವರನ್ನು ಬೈಯುವಾಗ ಅದೂ ಜೊತೆಗೆ ಕುಣಿಯುತ್ತಿತ್ತು. ಹೆಚ್ಚಾಗಿ ಬೈಸಿಕೊಂಡವಳು ನಾನೇ.

ನಾನು ಯಾದಗಿರಿ ಕಡೆಯವಳು, ಪೀಣ್ಯದಲ್ಲಿ ಪ್ಯಾಕಿಂಗ್ ಕೆಲಸ. ಆಧಾರ್‌ನಲ್ಲಿದ್ದದ್ದು ಊರಿನ ವಿಳಾಸ. ಇಲ್ಲಿನದು ತನ್ನಿ ಎಂದು ಬ್ಯಾಂಕಿನವರು ವಾಪಸ್ ಕಳಿಸಿದ್ದರು. ಹಾಗಾಗಿ ಸಂಬಳ ಗಂಡನ ಖಾತೆಗೆ. ಅವನು ಕೆಟ್ಟವನಲ್ಲ. ಆದರೆ ಒಂದು ಮೊಳ ಹೂವಿಗೂ ಅವನ ಮುಖ ನೋಡಬೇಕಿತ್ತು. ಆ ವರ್ಷ ನನ್ನ ದುಡ್ಡು ಮೈದುನನ ಬೈಕಿನ ಕಂತಿಗೆ ಹೋಯಿತು, ಮಗಳ ಶಾಲೆ ಫೀಸಿಗೆ ಉಳಿಯಲಿಲ್ಲ. “ಅಕಿನ್ನ ಊರಿಗೆ ಕಳಿಸೋಣು” ಎಂದುಬಿಟ್ಟ ಗಂಡ.

ಹೋಗಿ ಓನರ್ ಅಮ್ಮನ ಮುಂದೆ ನಿಂತೆ. “ಅಮ್ಮಾರ, ಈ ಮನಿ ಅಡ್ರೆಸ್ಸಿಗೆ ಒಂದ್ ಬಾಡಿಗಿ ಕರಾರು ಮಾಡಿ ಕೊಡ್ರಿ. ನನ್ನ ಹೆಸರಿಲೆ ಖಾತೆ ತೆಗಿಬೇಕು.”

ಅವರ ಮಗ ಒಳಗಿನಿಂದಲೇ ಕೂಗಿದ. “ಬೇಡಮ್ಮ, ಅಡ್ರೆಸ್ ಕೊಟ್ರೆ ನಾಳೆ ಮನೇನೇ ನಮ್ದು ಅಂತಾರೆ.”

“ಮನೆ ಏನ್ ಕಡ್ಲೆಪುರೀನೇನ್ಲಾ, ಸೆರಗಲ್ಲಿ ಕಟ್ಕೊಂಡು ಓಗಾಕೆ?”

ಕರಾರು ಮಾಡಿಕೊಟ್ಟಿದ್ದಷ್ಟೇ ಅಲ್ಲ, ಬ್ಯಾಂಕಿಗೂ ಬಂದರು. ಕೌಂಟರಿನ ಹುಡುಗ ಕೇಳಿದ, “ಇವ್ರು ನಿಮಗೇನಾಗ್ಬೇಕು?”

“ಏನೂ ಆಗ್ಬೇಕಿಲ್ಲ. ನಮ್ಮನೇಲವ್ಳೆ, ದಿನಾ ನನ್ತಾವ ಬೈಸ್ಕೊತಾಳೆ. ಇನ್ನೇನ್ ಸಾಕ್ಷಿ ಬೇಕಪ್ಪ ನಿಂಗೆ?”

ಎಟಿಎಂ ಕಾರ್ಡು ಅಂಚೆಯಲ್ಲಿ ಬಂದಾಗ ಅದಕ್ಕೂ ಕುಂಕುಮ ಇಟ್ಟು ಕೈಗೆ ಕೊಟ್ಟರು. “ನಂಬರು ಗಂಡಂಗೂ ಏಳ್ಬ್ಯಾಡ. ನಂಗೂ ಏಳ್ಬ್ಯಾಡ.”

ಮುಂದಿನ ಸಂಬಳ ನನ್ನ ಖಾತೆಗೆ ಬಿತ್ತು. ಮೊದಲು ಫೀಸು ಕಟ್ಟಿದೆ, ಮಗಳು ನಮ್ಮ ಜೊತೆಯೇ ಉಳಿದಳು. ಗಂಡ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಆಮೇಲೊಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ, “ಬಸ್ಸಿಗೆ ಚಿಲ್ರೆ ಐತೇನ?” ಎಂದು ಕೇಳಿದ. ನಗು ತಡೆದುಕೊಂಡು ಕೊಟ್ಟೆ.

ಖಾತೆ ತೆರೆದ ಮಾತ್ರಕ್ಕೆ ನಮ್ಮ ಬಡತನ ಎಲ್ಲೂ ಓಡಿಹೋಗಲಿಲ್ಲ. ತಿಂಗಳ ಕೊನೆಗೆ ಈಗಲೂ ಖಾತೆ ಖಾಲಿಯೇ. ಆದರೆ ಯಾವುದಕ್ಕೆ ಖಾಲಿಯಾಗಬೇಕು ಎಂದು ಹೇಳುವವಳು ನಾನು.

ಹೋದ ಆಷಾಢದಲ್ಲಿ ಓನರ್ ಅಮ್ಮ ತೀರಿಕೊಂಡರು. ಸುದ್ದಿ ಕೇಳಿ ನೇರ ಎಟಿಎಂಗೆ ಹೋದೆ. ಹೂವಿನ ಅಂಗಡಿಯಲ್ಲಿದ್ದ ದೊಡ್ಡ ಸುಗಂಧರಾಜದ ಹಾರವನ್ನೇ ತಂದು ಅವರಿಗೆ ಹಾಕಿದೆ. ಯಾರನ್ನೂ ಕೇಳಲಿಲ್ಲ.

ನಿಮ್ಮ ಮೊದಲ ಖಾತೆ ತೆರೆಯಲು ಜೊತೆಗೆ ಬಂದವರು ಯಾರು? ಕೆಳಗೆ ಬರೆಯಿರಿ, ಕೂತು ಎಲ್ಲವನ್ನೂ ಓದುತ್ತೇನೆ.