ಹೀಟರ್ ಹಾಕಿಸಿದ ಡಾಕ್ಟರಮ್ಮ

ಚಳಿಗಾಲದ ಬೆಳಗ್ಗೆ ಡಾಕ್ಟರಮ್ಮನವರ ಬೆರಳುಗಳು ಬಿಳಿಚಿಕೊಳ್ಳುತ್ತಿದ್ದವು. ಮೊದಲು ತುದಿ, ಆಮೇಲೆ ನಡುಗೆಣ್ಣಿನ ತನಕ, ಸುಣ್ಣ ಬಳಿದ ಹಾಗೆ. ಅವರು ಎರಡೂ ಕೈಗಳನ್ನು ತೊಡೆಗೆ ಬಡಿದುಕೊಳ್ಳುತ್ತಾ ಬೈಯುತ್ತಿದ್ದರು. ಇಂಥವರನ್ನೇ ಅಂತಲ್ಲ, ಚಳಿಯನ್ನು, ಬೆರಳನ್ನು, ಎದುರಿಗೆ ನಿಂತವರನ್ನು. "ಹಸುವಿನ ಹೊಟ್ಟೆಯೊಳಗೆ ಕೈ ಹಾಕಿ ಕರುವಿನ ಕಾಲು ಯಾವುದು, ತಲೆ ಯಾವುದು ಅಂತ ಈ ಬೆರಳಿಂದ್ಲೇ ನೋಡ್ಬೇಕು ನಾನು. ಇವೇ ಸತ್ತು ಕೂತ್ರೆ ಏನ್ ಮಾಡ್ಲಿ?"

ಅವರು ಪಶುವೈದ್ಯೆ. ನಿವೃತ್ತಿಯಾದ ಮೇಲೆ ಹೊನ್ನಾಳಿಯಲ್ಲಿ ಒಬ್ಬರೇ ಮನೆ ಮಾಡಿಕೊಂಡಿದ್ದರು. ಅದೇ ಬೀದಿಯ ತಿರುವಿನಲ್ಲಿ ನಮ್ಮದು ಗಾಡಿಗಳ ಸೀಟು ಹೊಲಿಯುವ ಅಂಗಡಿ, ಅಬ್ಬಾನ ಕಾಲದ್ದು. ನಿವೃತ್ತಿಯಿಂದ ಡಾಕ್ಟರಮ್ಮನವರ ಕೆಲಸವೇನೂ ಕಮ್ಮಿಯಾಗಿರಲಿಲ್ಲ. ಗೋವಿನಕೋವಿಯಿಂದ ಯಾರಾದರೂ ಫೋನ್ ಮಾಡಿದರೆ ಕೂಡಲೇ ಹೊರಡುತ್ತಿದ್ದರು. ಮೊದಲು ಕೆಲಸಕ್ಕೆ ಸೇರಿದ್ದು ಜಗಳೂರು ಕಡೆ ಎಂಬ ಪ್ರೀತಿಗೆ ತಿಂಗಳಿಗೊಮ್ಮೆ ಅಲ್ಲಿನ ಸೊಕ್ಕೆಗೆ ಹೋಗಿ ಕುರಿ, ದನ ನೋಡಿ ಬರುತ್ತಿದ್ದರು. ಹೋಗುತ್ತಿದ್ದದ್ದು ಮಾತ್ರ ಊರೆಲ್ಲ 'ಕಪ್ಪೆ' ಎಂದು ಕರೆಯುತ್ತಿದ್ದ ಹಸಿರು ಬಣ್ಣದ ಸ್ಪೋರ್ಟ್ಸ್ ಕಾರಿನಲ್ಲಿ.

ಇಬ್ಬರೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡಂತಿದ್ದ ವಿಲಾಯಿತಿ ಕಾರು ಅದು. ತಲೆಯ ಮೇಲೆ ತಗಡಿಲ್ಲ, ಕ್ಯಾನ್ವಾಸ್ ಹೊದಿಕೆ. ಒಂದು ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಸ್ಥಿತಿಯಲ್ಲಿ ಅವರಿಗೆ ಸಿಕ್ಕಿತ್ತಂತೆ. ಅದರ ಸ್ವಂತ ಇಂಜಿನ್ ಒಡೆದು ಹೋಗಿದ್ದರಿಂದ ಚನ್ನಗಿರಿಯ ಒಂದು ಗ್ಯಾರೇಜಿನಲ್ಲಿ ಮಾರುತಿ ವ್ಯಾನಿನ ಇಂಜಿನ್ ಕೂರಿಸಿ, ಕಾಗದಪತ್ರ ಸರಿಮಾಡಿಸಿಕೊಂಡಿದ್ದರು. ಈ ವಯಸ್ಸಿಗೆ ಇಂಥ ಕಾರು ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ನಂಗೆ ಬೇಕು, ಅದಕ್ಕೆ."

ಆ ವರ್ಷ ಬೆರಳಿನ ಕಾಟ ಹೆಚ್ಚಾದಾಗ ಕಾರಿಗೆ ಹೀಟರ್ ಹಾಕಿಸಬೇಕೆಂದು ಹೊರಟರು. ಚನ್ನಗಿರಿಯ ಆ ಗ್ಯಾರೇಜಿನವನು ನಕ್ಕನಂತೆ. "ನಮ್ಮ ಕಡೆ ಬಿಸಿಲಿಗೆ ಜನ ಎ.ಸಿ. ಹಾಕ್ಸಾಕೆ ಬರ್ತಾರೆ. ನೀವು ಹೀಟರ್ ಅಂತೀರಲ್ಲ ಅಮ್ಮಾರೇ!" ಡಾಕ್ಟರಮ್ಮ ನಗಲಿಲ್ಲ. ಇಂಜಿನ್ನಿನಲ್ಲಿ ಕಾಯುವ ನೀರನ್ನು ಎರಡು ಪೈಪಿನಲ್ಲಿ ಒಳಗೆ ತಂದು, ಒಂದು ಪುಟ್ಟ ರೇಡಿಯೇಟರಿನಲ್ಲಿ ಹರಿಸಿ, ಅದರ ಹಿಂದೆ ಫ್ಯಾನ್ ಇಡಬೇಕು. ಇಂಜಿನ್ ಬದಲಾಯಿಸುವಾಗ ಆ ನೀರಿನ ಬಾಯಿಗಳನ್ನು ನೀನೇ ಮುಚ್ಚಿದ್ದೀಯ, ಅವನ್ನು ಬಿಚ್ಚು ಎಂದು ಬಿಡಿಸಿ ಹೇಳಿ ಬಂದರು. ಹೊದಿಕೆ ಹೊಸದಾಗಿ ಹೊಲಿಯುವ ಕೆಲಸ ನನಗೆ ಬಂತು. ಗಾಳಿ ಒಂದು ಎಳೆಯಷ್ಟೂ ನುಸುಳಬಾರದು ಎಂದರು. ನುಸುಳದ ಹಾಗೆ ಹೊಲಿದೆ.

ಕಾರು ಮರಳಿ ಬಂದಾಗ ಒಳಗೆ ನಿಜವಾಗಿಯೂ ಬಿಸಿ ಗಾಳಿ ಬರುತ್ತಿತ್ತು. "ನೀರಿನ ಪೈಪೇ ಹಾಕಿದ್ಯೇನೋ?" ಎಂದು ಡಾಕ್ಟರಮ್ಮ ಗ್ಯಾರೇಜಿನವನನ್ನು ಫೋನಿನಲ್ಲಿ ಕೇಳಿದರು. "ನೀವು ಹೇಳ್ದಂಗೇ ಮಾಡೀನಿ ಅಮ್ಮಾರೇ," ಎಂದನಂತೆ.

ಆ ತಿಂಗಳು ಸೊಕ್ಕೆಗೆ ಹೊರಟಾಗ ನಾನೂ ಜೊತೆಯಾದೆ. ನನ್ನ ತಂಗಿಯನ್ನು ಜಗಳೂರಿಗೆ ಕೊಟ್ಟಿದೆ. ಅವಳನ್ನು ನೋಡಿದಂತೆಯೂ ಆಯಿತು, ವೇಗದಲ್ಲಿ ನನ್ನ ಹೊದಿಕೆ ಪಟಪಟ ಬಡಿಯುತ್ತದೆಯೋ ಎಂದು ಪರೀಕ್ಷಿಸಿದಂತೆಯೂ ಆಯಿತು. ಬೆಳಕು ಹರಿಯುವಾಗ ಹೊರಟೆವು. ಕಾಲಿನ ಹತ್ತಿರ ಬೆಚ್ಚಗೆ. ಡಾಕ್ಟರಮ್ಮ ಸ್ಟೇರಿಂಗಿನ ಮೇಲೆ ಬೆರಳುಗಳನ್ನು ಮಡಚಿ ಬಿಡಿಸಿ, "ನೋಡೋ, ಜೀವ ಬಂದೈತೆ," ಎಂದರು. ಸ್ವಲ್ಪ ಹೊಗೆಯ ವಾಸನೆ ಇತ್ತು, ಆದರೆ ಆ ಕಾರಿನಲ್ಲಿ ಅದು ಯಾವಾಗಲೂ ಇದ್ದದ್ದೇ.

ದಾವಣಗೆರೆ ದಾಟಿ ಜಗಳೂರು ರಸ್ತೆಗೆ ಬಿದ್ದ ಮೇಲೆ ನನಗೆ ತಲೆ ಸಿಡಿಯತೊಡಗಿತು. ತಿಂಡಿ ತಿಂದಿಲ್ಲ, ಅದಕ್ಕೇ ಅಂದುಕೊಂಡೆ. ಆಮೇಲೆ ಹಾಯಾದ ನಿದ್ದೆ ಎಳೆಯಿತು. ಎಲ್ಲೋ ದೂರದಿಂದ ಡಾಕ್ಟರಮ್ಮ ಕೇಳುತ್ತಿದ್ದರು: "ಏ ತಮ್ಮಾ, ನಿನ್ನ ತಂಗಿ ಹೆಸರೇನೋ?" ಹೆಸರು ಗೊತ್ತಿತ್ತು. ಬಾಯಿಗೆ ಬರಲಿಲ್ಲ.

ಕಾರು ನಿಂತಿತು. ಅವರು ಇಳಿದವರೇ ರಸ್ತೆಯ ಮೇಲೆ ಮಂಡಿಯೂರಿ ಬಿದ್ದರು. ಎದ್ದು, ಕಾರು ಹಿಡಿದುಕೊಂಡೇ ನನ್ನ ಕಡೆ ಬಂದರು. ನನ್ನ ಕಡೆಯ ಬಾಗಿಲು ಕಚ್ಚಿಕೊಂಡಿತ್ತು. ಗೊರಸು ಕೆತ್ತುವ ಚಾಕುವಿನಿಂದ ನಾನು ಹೊಲಿದ ಹೊಸ ಕ್ಯಾನ್ವಾಸನ್ನು ಉದ್ದಕ್ಕೆ ಸೀಳಿ, ನನ್ನ ಕಂಕುಳಿಗೆ ಕೈ ಹಾಕಿ, ಕರುವನ್ನು ಎಳೆಯುವ ಹಾಗೆ ಹೊರಗೆಳೆದರು. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಕೆಡವಿ ಕೆನ್ನೆಗೆ ಬಾರಿಸಿದರು. "ಉಸಿರು ತಗೋ! ಮಲಗಿದ್ರೆ ಒದೀತೀನಿ ನೋಡು! ತಗೋ ಉಸಿರು!"

ಬೈಕಿನಲ್ಲಿ ಬಂದ ಇಬ್ಬರು ನಿಂತು ನೋಡಿದರು. "ಬೆಳಗ್ ಬೆಳಗ್ಗೇನೇ ಹಾಕ್ಕೊಂಡಾರೆ," ಎಂದ ಒಬ್ಬ. ಡಾಕ್ಟರಮ್ಮ ಚಾಕು ಹಿಡಿದುಕೊಂಡೇ ಅವರತ್ತ ನಡೆದರು. ಆಮೇಲೆ ಆ ಇಬ್ಬರೇ ಒಂದು ಟೆಂಪೋ ನಿಲ್ಲಿಸಿ ನಮ್ಮನ್ನು ಜಗಳೂರು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಆಕ್ಸಿಜನ್ ಕೊಟ್ಟರು. ಇಂಜಿನ್ನಿನ ವಿಷಗಾಳಿ ರಕ್ತಕ್ಕೆ ಸೇರಿದೆ, ಇನ್ನಷ್ಟು ಹೊತ್ತು ಕೂತಿದ್ದರೆ ಇಬ್ಬರೂ ಏಳುತ್ತಿರಲಿಲ್ಲ ಎಂದರು ವೈದ್ಯರು.

ಕಾರಿನ ಅಡಿ ಬಗ್ಗಿ ನೋಡಿದಾಗ ಗೊತ್ತಾಯಿತು, ಆಗಿದ್ದು ಇಷ್ಟು. ಮುಚ್ಚಿದ ನೀರಿನ ಬಾಯಿ ಬಿಚ್ಚುವುದು, ಪೈಪು ಸುತ್ತಿಸಿ ತರುವುದು ಗ್ಯಾರೇಜಿನವನಿಗೆ ರಗಳೆಯ ಕೆಲಸವಾಗಿ ಕಂಡಿತ್ತು. ಹೊಗೆ ಹೋಗುವ ಸೈಲೆನ್ಸರ್ ಕೊಳವೆ ಹೇಗೂ ಕಾಯುತ್ತದಲ್ಲ, ಅದರ ಸುತ್ತ ತಗಡು ಸುತ್ತಿ, ಆ ಬಿಸಿಯನ್ನೇ ಒಳಗೆ ಬಿಟ್ಟಿದ್ದ. ತಗಡಿನೊಳಗಿದ್ದ ಕೊಳವೆಯ ಬೆಸುಗೆ ಬಿರುಕು ಬಿಟ್ಟು, ಬಿಸಿಯ ಜೊತೆ ಹೊಗೆಯೂ ಒಳಗೆ ನುಗ್ಗಿತ್ತು. "ನಿನ್ನ ಹೊಲಿಗೆ ಅಷ್ಟು ಗಟ್ಟಿಯಾಗಿದ್ದೇ ಎಡವಟ್ಟಾತು ನೋಡು," ಎಂದರು ಡಾಕ್ಟರಮ್ಮ. ಅವತ್ತಿನ ದಿನ ಅವರು ನಕ್ಕಿದ್ದು ಅದೊಂದೇ ಸಲ.

ಊರಿಗೆ ಬಂದರೆ, ಅಲ್ಲೇ ಬೇರೆ ಮನೆಯಲ್ಲಿದ್ದ ಅವರ ಅಣ್ಣನಿಗೆ ಗ್ಯಾರೇಜಿನವನ ಮೇಲೆ ಸಿಟ್ಟಿಲ್ಲ, ತಂಗಿಯ ಮೇಲೆ ಸಿಟ್ಟು. "ವಯಸ್ಸಾದ ಹೆಂಗಸಿಗೆ ಈ ಶೋಕಿ ಬೇಕಿತ್ತಾ? ಮಾರಿ ಹಾಕು ಅದನ್ನ." ಬೀದಿಯವರೂ ತಲೆಯಾಡಿಸಿದರು. ಸಾಯಿಸಲು ಹೊರಟವನ ಹೆಸರನ್ನು ಯಾರೂ ಎತ್ತಲಿಲ್ಲ.

ಮೈ ಸುಧಾರಿಸಿದ ಮೇಲೆ ಕಾರಿನ ಹೊದಿಕೆಯನ್ನು ಪೂರ್ತಿ ಕಿತ್ತು, ತೆರೆದ ಕಾರಿನಲ್ಲೇ ನನ್ನನ್ನು ಕೂರಿಸಿಕೊಂಡು ಚನ್ನಗಿರಿಗೆ ಹೋದರು. ಗ್ಯಾರೇಜಿನವನು ಟೀ ಕುಡಿಯುತ್ತಿದ್ದ. "ನಿಮಗೆ ಬಿಸಿ ಬೇಕಿತ್ತು ಅಮ್ಮಾರೇ, ಬಿಸಿ ಬಂತಲ್ಲ. ಒಂದು ಬೆಸುಗೆ ಹಾಕಿದ್ರೆ ನಡೀತೈತೆ ಬಿಡ್ರಿ." ಸುತ್ತಲಿದ್ದವರು ಅವನ ಪರವೇ. "ಏನೂ ಆಗಿಲ್ಲಲ್ಲ, ಹೋಗ್ಲಿ ಬಿಡ್ರಿ ಮೇಡಂ."

ಡಾಕ್ಟರಮ್ಮ ಕೂಗಾಡಲಿಲ್ಲ. ಅಲ್ಲೇ ಬಿದ್ದಿದ್ದ ಒಂದು ಟಾರ್ಪಾಲು ಎಳೆದು ಕಾರಿನ ಮೇಲೆ ಹೊದಿಸಿದರು. ಒಂದು ಬದಿ ಎತ್ತಿ ಹಿಡಿದು, "ಬಾ, ಒಳಗೆ ಕೂತ್ಕೋ," ಎಂದರು. "ಇಂಜಿನ್ ಚಾಲೂ ಮಾಡ್ತೀನಿ. ನಡೀತೈತೆ ಅಂದ್ಯಲ್ಲ, ಸ್ವಲ್ಪ ಹೊತ್ತು ಕೂತು ತೋರ್ಸು."

ಅವನು ಹಿಂದೆ ಸರಿದ. ಟೀ ಲೋಟ ಕೈಯಲ್ಲೇ ಇತ್ತು.

"ಯಾಕೆ? ನಾವು ಕೂತಿದ್ವಲ್ಲ. ಬಾ."

ಅವರು ಟಾರ್ಪಾಲನ್ನು ಕೆಳಗೆ ಬಿಟ್ಟು ಇನ್ನೊಂದು ಪ್ರಶ್ನೆ ಕೇಳಿದರು. ನನಗೆ ಹೊಳೆಯದೇ ಇದ್ದ ಪ್ರಶ್ನೆ. "ಇನ್ನು ಯಾರ ಗಾಡಿಗೆ ಹಿಂಗೆ ಮಾಡಿದೀಯ?"

ಅವನು ಇಲ್ಲ ಎಂದ. ಮತ್ತೆ ಕೇಳಿದರು. ಮೂಲೆಯಲ್ಲಿದ್ದ ಕೆಲಸದವನು ನೆಲ ನೋಡುತ್ತಾ, ಸಂತೇಬೆನ್ನೂರಿನವರ ಒಂದು ಹಳೆಯ ವ್ಯಾನಿಗೂ ಮಾಡಿದ್ದೇವೆ, ಊಟಿಗೆ ಹೋಗುವವರಿದ್ದರು ಎಂದ. ಗ್ಯಾರೇಜಿನವನು ಫೋನ್ ಮಾಡಲು ಒಪ್ಪಲಿಲ್ಲ. ಹೆಸರು ಕೆಡುತ್ತದೆ ಎಂಬ ಭಯ ಅವನಿಗೆ. ಡಾಕ್ಟರಮ್ಮ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂತರು. ಬಂದ ಗಿರಾಕಿಗಳಿಗೆಲ್ಲ ನಡೆದದ್ದನ್ನು ಬಿಡಿಸಿ ಹೇಳತೊಡಗಿದರು. ಬಂದವರು ಬಂದ ಹಾಗೇ ಮರಳಿದರು. ಮಧ್ಯಾಹ್ನವಾಗುವ ಹೊತ್ತಿಗೆ ಅವನು ನಂಬರ್ ಒತ್ತಿ ಫೋನನ್ನು ಅವರ ಕೈಗೆ ಕೊಟ್ಟ.

ಅತ್ತ ಮಾತಾಡಿದ್ದು ಒಬ್ಬ ಹೆಂಗಸು. ಗಾಡಿ ಆಗಲೇ ಘಾಟಿ ಹತ್ತುತ್ತಿತ್ತು. "ಮಕ್ಕಳೇನ್ ಮಾಡ್ತಿದಾರೆ?" ಎಂದು ಕೇಳಿದರು ಡಾಕ್ಟರಮ್ಮ. "ಹಿಂದುಗಡೆ ಮಲಗ್ಯಾರೆ ರೀ. ತಲೆನೋವು ಅಂತಿದ್ರು." ಆಗ ಡಾಕ್ಟರಮ್ಮ ಕೂಗಿದರು ನೋಡಿ, ಇಡೀ ಬೀದಿಗೆ ಕೇಳಿಸಿತು. "ಗಾಡಿ ನಿಲ್ಸಮ್ಮಾ! ಎಲ್ಲಾ ಬಾಗಿಲು ತೆಗಿ! ಮಕ್ಕಳನ್ನ ಎಬ್ಸು, ಎತ್ಕೊಂಡು ಹೊರಗೆ ಬಾ! ಈಗ್ಲೇ!" ಮಕ್ಕಳು ಎದ್ದು ಅಳುವ ಸದ್ದು ಫೋನಿನಲ್ಲಿ ಕೇಳುವ ತನಕ ಅವರು ಕಿವಿಯಿಂದ ಅದನ್ನು ತೆಗೆಯಲಿಲ್ಲ. ಆಸ್ಪತ್ರೆಗೆ ಹೋಗಬೇಕೆಂದು ಹೇಳಿ, ಫೋನ್ ಮರಳಿಸಿ, ಅಲ್ಲಿಂದ ನೇರ ಪೊಲೀಸ್ ಠಾಣೆಗೆ ನಡೆದರು.

ಹೀಟರನ್ನು ಕೊನೆಗೆ ನ್ಯಾಮತಿಯ ರೇಡಿಯೇಟರ್ ಅಂಗಡಿಯೊಂದರಲ್ಲಿ ಹಾಕಿಸಿದೆವು. ಗುಜರಿಗೆ ಬಂದ ಅಂಥದ್ದೇ ಮಾರುತಿ ವ್ಯಾನಿನ ಪುಟ್ಟ ರೇಡಿಯೇಟರು, ಫ್ಯಾನು ಸಿಕ್ಕವು. ನೀರಿನ ಬಾಯಿ ಇಂಜಿನ್ನಿನ ಒಂದು ಕಡೆ, ಹೀಟರ್ ಇಡುವ ಜಾಗ ಇನ್ನೊಂದು ಕಡೆ. ಪೈಪನ್ನು ಹಿಂದಿನಿಂದ ಬಳಸಿ ತರಬೇಕಾಯಿತು. ಡಾಕ್ಟರಮ್ಮ ಪಕ್ಕದಲ್ಲೇ ನಿಂತು ಪ್ರತಿ ಕ್ಲಿಪ್ಪನ್ನೂ ಎಳೆದು ನೋಡಿದರು, ಅಂಗಡಿಯವನಿಗೆ ಸಾಕುಸಾಕು ಮಾಡಿದರು. ನಾನು ಮತ್ತೆ ಹೊದಿಕೆ ಹೊಲಿದೆ. ಆಮೇಲೆ ಎಷ್ಟೋ ಚಳಿಗಾಲ ಅವರು ಅದೇ ಕಾರಿನಲ್ಲಿ ಸೊಕ್ಕೆಗೆ ಹೋಗಿಬಂದರು. ಪ್ರತಿ ಸಲವೂ ಯಾರನ್ನಾದರೂ ಬೈದೇ ಬಂದರು. ಗ್ಯಾರೇಜಿನವನ ಮೇಲಿನ ಕೇಸು ಅಲೆದಾಟದಲ್ಲೇ ಸವೆಯಿತು. ಅವನು ಬೋರ್ಡು ಬದಲಾಯಿಸಿಕೊಂಡು ಈಗಲೂ ಅಂಗಡಿ ಇಟ್ಟಿದ್ದಾನೆ.

ಹೋದ ವರ್ಷ ಡಾಕ್ಟರಮ್ಮ ನಿದ್ದೆಯಲ್ಲೇ ತೀರಿಕೊಂಡರು. ಹೃದಯ ನಿಂತಿತಂತೆ. ಸಮುದಾಯ ಭವನದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಅವರ ಅಣ್ಣ ಮೈಕ್ ಹಿಡಿದು, "ನನ್ನ ತಂಗಿ ದೇವರಂಥವಳು. ಆ ಸಿಟ್ಟೊಂದು ಇರಬಾರದಾಗಿತ್ತು," ಎಂದರು. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಒಂದಿಬ್ಬರು ನಕ್ಕರು ಕೂಡ.

ನಾನು ಎದ್ದು ಮುಂದೆ ಹೋಗಿ ಮೈಕ್ ಇಸಿದುಕೊಂಡೆ. ಜೀವಮಾನದಲ್ಲಿ ಸಭೆಯಲ್ಲಿ ಮಾತಾಡಿದವನಲ್ಲ. "ಆ ಸಿಟ್ಟು ಇರ್ಲಿಲ್ಲ ಅಂದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ ರೀ," ಎಂದೆ. "ಸಂತೇಬೆನ್ನೂರಿನ ಆ ಮಕ್ಕಳು ಇರ್ತಿರ್ಲಿಲ್ಲ. ಅವತ್ತು ನಿಮಗ್ಯಾರಿಗೂ ಸಿಟ್ಟು ಯಾಕೆ ಬರ್ಲಿಲ್ಲ, ಅದನ್ನ ಹೇಳ್ರಿ ಮೊದ್ಲು!"

ಯಾರೋ ಮೈಕ್ ಆಫ್ ಮಾಡಿದರು. ನಾನು ಗಂಟಲು ಏರಿಸಿ ಮಾತು ಮುಂದುವರಿಸಿದೆ.